ವಿಮಾನ ಸಾಕುವುದು ಹೇಗೆ?



ಕಳೆದ ಸಂಚಿಕೆಯಲ್ಲಿ ‘ನನ್ನ ಹತ್ತಿರ ಕೋಟಿಗಟ್ಟಲೆ ದುಡ್ಡಿದ್ದರೆ’ ಎಂಬ ವಿಷಯದ ಮೇಲೆ ನಮ್ಮ ತರಗತಿಯವರು ಬರೆದಿದ್ದರು. ಅದರಲ್ಲಿ ನಾಲ್ಕು ಜನ ಸ್ವಂತ ವಿಮಾನ ಕೊಳ್ಳುತ್ತೇನೆ ಎಂದಿದ್ದರು. ಕೊಂಡ ಮೇಲೆ ಅದನ್ನು ಎಲ್ಲಿ ಇಡುವುದು, ಏನು ಹಾಕುವುದು, ಕೆಟ್ಟರೆ ಯಾರು ನೋಡುವುದು ಅಂತ ಒಬ್ಬರೂ ಬರೆದಿರಲಿಲ್ಲ. ಒಂದು ಎಮ್ಮೆ ತರುವವರೂ ಮೊದಲು ಹುಲ್ಲು, ಹಿಂಡಿ, ಕೊಟ್ಟಿಗೆಯ ವಿಚಾರ ಮಾಡುತ್ತಾರೆ. ಇನ್ನು ಕೆಲವರು “ಒಂದೇ ಎಂಜಿನ್ ಇದ್ದ ವಿಮಾನವಾ? ಅದು ಬಂದ್ ಬಿದ್ದರೆ ಕಥೆ ಮುಗೀತು” ಎಂದು ನಕ್ಕರು. ಇದು ನಿಜವೋ ಸುಳ್ಳೋ ಎಂದು ನಾನು ಲೈಬ್ರರಿಯ ಪುಸ್ತಕ ನೋಡಿದೆ, ವಿಜ್ಞಾನದ ಅಕ್ಕೋರ ಹತ್ತಿರ ಕೇಳಿದೆ. ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ಯಾವ ವಿಮಾನ?

ನಮ್ಮ ಊರ ಮೇಲೆ ಬಹಳ ಎತ್ತರದಲ್ಲಿ ಬಿಳಿ ಗೆರೆ ಎಳೆದು ಹೋಗುತ್ತದಲ್ಲ, ಅದು ಜೆಟ್ ವಿಮಾನ. ನೂರಾರು ಜನ ಕೂರುವಂಥದ್ದು. ನಾನು ಹೇಳುವುದು ಎರಡು ಅಥವಾ ನಾಲ್ಕು ಜನ ಕೂರುವ ಸಣ್ಣ ವಿಮಾನ. ಇದರ ಮೂತಿಯಲ್ಲಿ ಒಂದೇ ಎಂಜಿನ್, ಅದರ ಮುಂದೆ ಒಂದು ಪ್ರೊಪೆಲ್ಲರ್, ಅಂದರೆ ಫ್ಯಾನಿನಂಥ ರೆಕ್ಕೆ. ಎಂಜಿನ್ ಪೆಟ್ರೋಲಿನದು. ಕಾರಿನ ಎಂಜಿನ್ನಿನ ಹಾಗೇ ಸಿಲಿಂಡರ್, ಪಿಸ್ಟನ್, ಸ್ಪಾರ್ಕ್ ಪ್ಲಗ್ ಎಲ್ಲ ಇರುತ್ತದೆ.

ಇಂಥ ವಿಮಾನಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಸೆಸ್ನಾ 172. ಇದು 1955ರಲ್ಲಿ ಮೊದಲು ಹಾರಿತು. ಇಲ್ಲಿವರೆಗೆ 44,000ಕ್ಕಿಂತ ಹೆಚ್ಚು ತಯಾರಾಗಿವೆ. ನಾಲ್ಕು ಸೀಟು, ಎಂಜಿನ್ 160ರಿಂದ 180 ಅಶ್ವಶಕ್ತಿ. ತೋಟಕ್ಕೆ ನೀರು ಬಿಡುವ ಪಂಪ್‌ಸೆಟ್ 3 ಅಥವಾ 5 ಅಶ್ವಶಕ್ತಿಯದು ಎಂದು ನೆನೆದರೆ ಇದರ ಬಲ ಗೊತ್ತಾಗುತ್ತದೆ. ಗಂಟೆಗೆ ಸುಮಾರು 200 ಕಿ.ಮೀ. ಹೋಗುತ್ತದೆ.

ನಮ್ಮ ಕರ್ನಾಟಕದಲ್ಲೇ ಒಂದೇ ಎಂಜಿನ್ನಿನ ವಿಮಾನ ಮಾಡಿದ್ದಾರೆ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆ ಅವರ ಮುಂದಾಳುತನದಲ್ಲಿ ಮಾಡಿದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ‘ಪುಷ್ಪಕ್’ ಹಾರಿತು. ಇದು ಎರಡು ಸೀಟಿನದು, 90 ಅಶ್ವಶಕ್ತಿಯದು, ಮೈಗೆ ಬಟ್ಟೆ ಹೊದಿಸಿದ್ದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಇದರಲ್ಲೇ ಕಲಿತರು. ಆಮೇಲೆ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯವರು ‘ಹಂಸ’ ಎಂಬ ಎರಡು ಸೀಟಿನ ವಿಮಾನ ಮಾಡಿದರು. ಅದು 1993ರಲ್ಲಿ ಮೊದಲು ಹಾರಿತು. ಅದರ ಹೊಸ ಮಾದರಿ 2021ರಲ್ಲಿ ಹಾರಿತು.

ಬಳ್ಳಾರಿಗೆ ಬಂದ ಟಪಾಲು

ಒಂದೇ ಎಂಜಿನ್ ಅಂದರೆ ಆಟದ ಸಾಮಾನು ಅಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ತೆಗೆದುಕೊಂಡು ಹೋದರು. ಏರ್ ಇಂಡಿಯಾ ಹುಟ್ಟಿದ್ದು ಹೀಗೆ. ಆಗ ಮುಂಬಯಿಯ ಜುಹೂ ಮೈದಾನ ಮಳೆಗಾಲದಲ್ಲಿ ನೀರು ತುಂಬಿ ಕೆಸರಾಗುತ್ತಿತ್ತು. ಆ ತಿಂಗಳುಗಳಲ್ಲಿ ವಿಮಾನಗಳನ್ನು ಪುಣೆಗೆ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ನಾವು ದನಗಳಿಗೆ ಒಣ ಜಾಗ ಹುಡುಕುತ್ತೇವಲ್ಲ, ಹಾಗೆ.

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆಯೇ?

ಬೀಳುವುದಿಲ್ಲ. ಇದನ್ನು ಎಲ್ಲರೂ ಸರಿಯಾಗಿ ತಿಳಿದುಕೊಳ್ಳಬೇಕು.

ವಿಮಾನವನ್ನು ಎತ್ತಿ ಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆ ಗಾಳಿಯನ್ನು ಸೀಳಿಕೊಂಡು ಮುಂದೆ ಹೋಗುತ್ತಾ ಇದ್ದರೆ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಎಂಜಿನ್ನಿನ ಕೆಲಸ ಮುಂದಕ್ಕೆ ಎಳೆಯುವುದು. ದೇವಿಮನೆ ಘಟ್ಟ ಇಳಿಯುವಾಗ ಸೈಕಲ್ ತುಳಿಯದಿದ್ದರೂ ಓಡುತ್ತದೆ, ಅಲ್ಲವೇ? ಎಂಜಿನ್ ನಿಂತ ವಿಮಾನವೂ ಹಾಗೇ. ಮೂತಿಯನ್ನು ಸ್ವಲ್ಪ ತಗ್ಗಿಸಿದರೆ ಕಣ್ಣಿಗೆ ಕಾಣದ ಒಂದು ಘಟ್ಟದ ಮೇಲೆ ಇಳಿಯುತ್ತಾ ಹೋಗುತ್ತದೆ. ಇದಕ್ಕೆ ತೇಲುವುದು ಎನ್ನೋಣ.

ಸೆಸ್ನಾ 172 ಒಂದು ಕಿ.ಮೀ. ಇಳಿಯುವಷ್ಟರಲ್ಲಿ ಸುಮಾರು 9 ಕಿ.ಮೀ. ಮುಂದೆ ಹೋಗುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 120 ಕಿ.ಮೀ., ಅಂದರೆ ನಿಮಿಷಕ್ಕೆ 2 ಕಿ.ಮೀ. 9 ಕಿ.ಮೀ. ಹೋಗಲು ನಾಲ್ಕೂವರೆ ನಿಮಿಷ. ಅಷ್ಟರಲ್ಲಿ ಪೈಲಟ್ ಇಳಿಯುವ ಜಾಗ ನೋಡಬೇಕು, ಎಂಜಿನ್ ಮತ್ತೆ ಚಾಲೂ ಮಾಡಲು ನೋಡಬೇಕು, ರೇಡಿಯೋದಲ್ಲಿ ಮೂರು ಸಲ ‘ಮೇಡೇ’ ಎಂದು ಕೂಗಬೇಕು. ಇದು ‘ನನಗೆ ಸಹಾಯ ಮಾಡಿ’ ಎನ್ನುವ ಫ್ರೆಂಚ್ ಮಾತಿನಿಂದ ಬಂದ ಶಬ್ದ.

ಹೆದರಿದವನಿಗೆ ಕೆಳಗೆ ಹೋಗುವುದು ಬೇಡ ಅನ್ನಿಸಿ ಮೂತಿ ಮೇಲೆತ್ತಬೇಕು ಅನ್ನಿಸುತ್ತದಂತೆ. ಅಪಾಯ ಇರುವುದೇ ಅಲ್ಲಿ. ಮೂತಿ ಎತ್ತಿದರೆ ವೇಗ ಇಳಿಯುತ್ತದೆ. ಗಂಟೆಗೆ ಸುಮಾರು 90 ಕಿ.ಮೀ.ಗಿಂತ ಕಡಿಮೆಯಾದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಬೀಳುತ್ತದೆ. ಅದಕ್ಕೇ ಕಲಿಸುವವರು ಮತ್ತೆ ಮತ್ತೆ ಎಂಜಿನ್ ತಗ್ಗಿಸಿ ಇದನ್ನೇ ರೂಢಿ ಮಾಡಿಸುತ್ತಾರೆ.

ನಮ್ಮ ತಾಲೂಕುಗಳ ಮೇಲೆ ಎಲ್ಲಿ ಇಳಿಯುವುದು?

ತೇಲಬಹುದು ಸರಿ, ಇಳಿಯಲು ಬಯಲು ಬೇಕಲ್ಲ? ನಾನು ಜಿಲ್ಲೆಯ ನಕಾಶೆ ಹಾಸಿಕೊಂಡು ನೋಡಿದೆ. ಸಿರಸಿಯಿಂದ ಪಶ್ಚಿಮಕ್ಕೆ ಹೋದರೆ ಅಘನಾಶಿನಿಯ ಕಣಿವೆ, ಘಟ್ಟ, ಕಾಡು. ಸಿದ್ದಾಪುರದ ಕಡೆ ಗುಡ್ಡ, ಸಂದಿಯಲ್ಲಿ ಅಡಿಕೆ ತೋಟ, ಆಚೆ ಶರಾವತಿಯ ಕೊಳ್ಳ. ಯಲ್ಲಾಪುರದ ಕಡೆ ಬೇಡ್ತಿಯ ಕಾಡು. ಅಡಿಕೆ ತೋಟ ಮೇಲಿನಿಂದ ಹಸಿರು ಚಾಪೆಯ ಹಾಗೆ ಕಂಡರೂ ಅದರಲ್ಲಿ ವಿಮಾನ ಇಳಿಸಲು ಆಗುವುದಿಲ್ಲ. ಬಯಲು ಇರುವುದು ಪೂರ್ವಕ್ಕೆ, ಬನವಾಸಿ ಮತ್ತು ಮುಂಡಗೋಡದ ಗದ್ದೆಗಳ ಕಡೆ.

ಸಿರಸಿಯಿಂದ ಬನವಾಸಿ ನೇರ ಗೆರೆಯಲ್ಲಿ ಸುಮಾರು 21 ಕಿ.ಮೀ. ಸಿರಸಿ ಪೇಟೆಯ ಮೇಲೆ ಎಂಜಿನ್ ನಿಂತರೆ ಅಲ್ಲಿಗೆ ತೇಲಿಕೊಂಡು ಹೋಗಲು ಎಷ್ಟು ಎತ್ತರದಲ್ಲಿ ಇರಬೇಕು? 21ನ್ನು 9ರಿಂದ ಭಾಗಿಸಿ. 2.3 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಎದುರು ಗಾಳಿ ಇದ್ದರೆ ಅದೂ ಸಾಲದು. ಆದ್ದರಿಂದ ಮಲೆನಾಡಿನ ಮೇಲೆ ಹಾರುವವನು ಎತ್ತರವನ್ನು ಉಳಿತಾಯದ ದುಡ್ಡಿನ ಹಾಗೆ ಕೈಯಲ್ಲಿ ಇಟ್ಟುಕೊಂಡಿರಬೇಕು. ಹತ್ತು ನಿಮಿಷ ಹೆಚ್ಚು ಬೇಕಾದರೂ ಬಯಲಿನ ಮೇಲೆ ಸುತ್ತಿ ಹೋಗುವುದೇ ಜಾಣತನ.

ನಮ್ಮಲ್ಲಿ ಎಂಜಿನ್ ನಿಲ್ಲಲೇಬಾರದು. ಹಾಗಿರಬೇಕಾದರೆ ಕೆಲಸ ಎಲ್ಲ ನೆಲದ ಮೇಲೇ ಆಗಬೇಕು. ಕೊನೆಗೌಡರು ಅಡಿಕೆ ಮರ ಹತ್ತುವ ಮೊದಲು ತಳೆ, ಹಗ್ಗ ಎಳೆದು ನೋಡುತ್ತಾರೆ. ಮೇಲೆ ಹೋದ ಮೇಲೆ ಹಗ್ಗ ಸವೆದದ್ದು ಕಂಡರೆ ಏನು ಪ್ರಯೋಜನ? ಪೈಲಟ್ಟಿನದೂ ಅದೇ ಮಾತು. ಜೀಪು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಬಹುದು, ಆಕಾಶಕ್ಕೆ ಬದಿ ಇಲ್ಲ.

ಪ್ರತಿ ಸಲ ಹಾರುವ ಮೊದಲು ನೋಡುವುದು

ಒಂದು: ಪೆಟ್ರೋಲು. ಈ ವಿಮಾನಕ್ಕೆ ಹಾಕುವುದು ಬೇರೆ ಜಾತಿಯ ಪೆಟ್ರೋಲು. ಗುರುತಿಗೆ ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಟ್ಯಾಂಕು ರೆಕ್ಕೆಯ ಒಳಗೇ ಇರುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಯಾಗುತ್ತದೆ. ಬೆಳಿಗ್ಗೆ ಸ್ಟೀಲಿನ ತಂಬಿಗೆಯ ಹೊರಗೆ ಬೆವರು ಬಂದ ಹಾಗೆ. ಮಳೆ ನೀರೂ ಮುಚ್ಚಳದ ಸಂದಿಯಿಂದ ಇಳಿಯಬಹುದು. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದು ತಳದ್ದೇ. ಆದ್ದರಿಂದ ರೆಕ್ಕೆಯ ಅಡಿಯ ಸಣ್ಣ ಕವಾಟ ಒತ್ತಿ ಪಾರದರ್ಶಕ ಲೋಟಕ್ಕೆ ಸ್ವಲ್ಪ ಪೆಟ್ರೋಲು ಬಿಟ್ಟು ನೋಡುತ್ತಾರೆ. ಅಡಿಯಲ್ಲಿ ಬಣ್ಣವಿಲ್ಲದ ಗುಳ್ಳೆ ಕಂಡರೆ ಅದು ನೀರು. ಬರೀ ನೀಲಿ ಬರುವವರೆಗೆ ತೆಗೆಯಬೇಕು.

ಎರಡು: ಎಣ್ಣೆ. ಕಡ್ಡಿ ಅದ್ದಿ ಎಂಜಿನ್ ಆಯಿಲ್ ಎಷ್ಟಿದೆ ನೋಡಬೇಕು.

ಮೂರು: ಹುಳ ಹುಪ್ಪಟೆ. ಇದು ಓದಿ ನನಗೆ ಆಶ್ಚರ್ಯವಾಯಿತು. ವಿಮಾನದ ವೇಗ ಅಳೆಯಲು ರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಇದೆ. ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಇಂಥ ತೂತು ಬಹಳ ಇಷ್ಟ. ಅದು ಗೂಡು ಕಟ್ಟಿ ಮುಚ್ಚಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ವೇಗ ತಪ್ಪಿದರೆ ಏನಾಗುತ್ತದೆ ಎಂದು ಮೇಲೆ ಓದಿದಿರಲ್ಲ! ಅದಕ್ಕೇ ವಿಮಾನ ನಿಲ್ಲಿಸಿದಾಗ ಆ ಕೊಳವೆಗೆ ಚೀಲ ಹಾಕಿ ಕೆಂಪು ಪಟ್ಟಿ ಕಟ್ಟುತ್ತಾರೆ. ಎಂಜಿನ್ನಿನ ಹೊದಿಕೆಯೊಳಗೆ ಹಕ್ಕಿ ಗೂಡು ಇದೆಯೋ ಅಂತಲೂ ಇಣುಕಿ ನೋಡುತ್ತಾರೆ.

ನಾಲ್ಕು: ಕಿಡಿ. ನಮ್ಮ ಬೈಕಿಗೆ ಸಿಲಿಂಡರಿಗೆ ಸಾಮಾನ್ಯವಾಗಿ ಒಂದೇ ಪ್ಲಗ್. ವಿಮಾನದಲ್ಲಿ ಪ್ರತಿ ಸಿಲಿಂಡರಿಗೂ ಎರಡು. ಕಿಡಿಗೆ ಕರೆಂಟು ಕೊಡಲು ಎರಡು ಮ್ಯಾಗ್ನೆಟೊ ಇರುತ್ತದೆ. ಇದು ಸೈಕಲ್ಲಿನ ಡೈನಮೊದ ಅಣ್ಣ ಇದ್ದ ಹಾಗೆ. ಎಂಜಿನ್ ತಿರುಗುವಾಗ ಅಯಸ್ಕಾಂತದಿಂದ ತಾನೇ ಕರೆಂಟು ಮಾಡಿಕೊಳ್ಳುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ಹಾರುವ ಮುಂಚೆ ಪೈಲಟ್ ಒಂದನ್ನು ಬಂದ್ ಮಾಡಿ ನೋಡುತ್ತಾನೆ, ಮತ್ತೆ ಇನ್ನೊಂದನ್ನು. ಎಂಜಿನ್ನಿನ ಸುತ್ತು ಸ್ವಲ್ಪ ಇಳಿದರೆ ಸರಿ. ಬಹಳ ಇಳಿದರೆ ಅಥವಾ ಗಡಗಡ ಅಂದರೆ ಹಾರುವ ಹಾಗಿಲ್ಲ, ವಾಪಸ್ ಶೆಡ್ಡಿಗೆ.

ಒಂದು ಪ್ಲಗ್ಗಿನ ಕಥೆ

ಪ್ಲಗ್ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ನಿಜವಾದ ಕಥೆ ಇದೆ. 1930ರಲ್ಲಿ ಆಗಾಖಾನರು ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಇಟ್ಟಿದ್ದರು. ಟಾಟಾ ಅವರು ಕರಾಚಿಯಿಂದ ಹೊರಟರು. ಆಸ್ಪಿ ಎಂಜಿನಿಯರ್ ಎಂಬ 17 ವರ್ಷದ ಹುಡುಗ ಇಂಗ್ಲೆಂಡಿನಿಂದ ಹೊರಟ. ಇಬ್ಬರದೂ ಒಂದೇ ಎಂಜಿನ್ನಿನ ವಿಮಾನ. ದಾರಿಯಲ್ಲಿ ಈಜಿಪ್ಟಿನ ಅಬೂಕೀರ್ ಎಂಬಲ್ಲಿ ಟಾಟಾ ಇಳಿದಾಗ ಆಸ್ಪಿ ಪ್ಲಗ್ ಇಲ್ಲದೆ ನಿಂತುಬಿಟ್ಟಿದ್ದ. ಟಾಟಾ ತಮ್ಮ ಹತ್ತಿರ ಇದ್ದ ಹೆಚ್ಚಿನ ಪ್ಲಗ್ ಕೊಟ್ಟರು. ಕಡೆಗೆ ಗೆದ್ದದ್ದು ಆಸ್ಪಿಯೇ! ಮುಂದೆ ಅವರು ಬೆಂಗಳೂರಿನ ಎಚ್.ಎ.ಎಲ್.ಗೆ ಮುಖ್ಯಸ್ಥರಾದರು, 1960ರಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥರಾದರು. ಟಾಟಾ ಸೋತರೂ ಅವರನ್ನು ಜನ ಇಂದಿಗೂ ಈ ಕಥೆಗಾಗಿ ಹೊಗಳುತ್ತಾರೆ.

ಸೆಕೆಯಲ್ಲೂ ಮಂಜುಗಡ್ಡೆ

ಕಾರ್ಬೊರೇಟರ್ ಇರುವ ಎಂಜಿನ್ನಿಗೆ ನಮ್ಮಂಥ ತೇವದ ಊರಿನಲ್ಲಿ ಒಂದು ವಿಚಿತ್ರ ಕಾಯಿಲೆ ಬರುತ್ತದೆ. ಕೈಗೆ ಪೆಟ್ರೋಲು ಬಿದ್ದರೆ ತಣ್ಣಗಾಗುತ್ತದೆ, ಏಕೆಂದರೆ ಅದು ಆವಿಯಾಗುವಾಗ ಶಾಖ ಹೀರುತ್ತದೆ. ಮಣ್ಣಿನ ಕೊಡದ ನೀರು ತಂಪಾಗುವುದೂ ಹಾಗೇ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಒಳಗಿನ ಉಷ್ಣತೆ 20 ಡಿಗ್ರಿಗಿಂತಲೂ ಹೆಚ್ಚು ಇಳಿಯಬಹುದು. ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಸೊನ್ನೆ! ಗಾಳಿಯ ತೇವ ಅಲ್ಲಿ ಮಂಜುಗಡ್ಡೆಯಾಗಿ ಎಂಜಿನ್ನಿನ ಉಸಿರು ಕಟ್ಟುತ್ತದೆ.

ಇದಕ್ಕೆ ಮದ್ದು ಒಂದು ಗುಂಡಿ. ಅದನ್ನು ಎಳೆದರೆ ಹೊಗೆ ಕೊಳವೆಯ ಸುತ್ತಲಿನ ಬಿಸಿ ಗಾಳಿ ಒಳಗೆ ಹೋಗಿ ಮಂಜು ಕರಗುತ್ತದೆ. ಕರಗಿದ ನೀರು ಎಂಜಿನ್ನಿಗೆ ಹೋಗುವಾಗ ಅದು ಕೆಮ್ಮಿದ ಹಾಗೆ ಮಾಡುತ್ತದೆ. ಗೊತ್ತಿಲ್ಲದವನು ಹೆದರಿ ಗುಂಡಿಯನ್ನು ವಾಪಸ್ ಒತ್ತಿದರೆ ಕೆಲಸ ಕೆಟ್ಟಿತು. ಗೊತ್ತಿದ್ದವನು ತಾಳ್ಮೆಯಿಂದ ಕಾಯುತ್ತಾನೆ. ಆರನೇ ತರಗತಿಯಲ್ಲಿ ಆವಿಯಾಗುವುದರ ಪಾಠ ಓದುವಾಗ ಇದು ಜೀವ ಉಳಿಸುತ್ತದೆ ಎಂದು ನಾವು ಅಂದುಕೊಂಡಿರಲಿಲ್ಲ.

ಗಂಟೆ ಎಣಿಸುವ ಪುಸ್ತಕ

ವಿಮಾನದ ಆಯುಷ್ಯವನ್ನು ಕಿ.ಮೀ.ನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಎಂಜಿನ್ ಎಷ್ಟು ಗಂಟೆ ಓಡಿತು, ಯಾವ ಭಾಗ ಯಾವಾಗ ಬದಲಾಯಿತು ಎಂದು ಲಾಗ್ ಪುಸ್ತಕದಲ್ಲಿ ಬರೆಯಲೇಬೇಕು. ಸುಮಾರು 50 ಗಂಟೆಗೊಮ್ಮೆ ಆಯಿಲ್ ಬದಲಿಸುತ್ತಾರೆ. ಹಳೆಯ ಫಿಲ್ಟರನ್ನು ಕತ್ತರಿಸಿ ಬಿಚ್ಚಿ ಅದರಲ್ಲಿ ಲೋಹದ ಚೂರು ಇದೆಯೋ ಹುಡುಕುತ್ತಾರೆ. ಚೂರು ಸಿಕ್ಕರೆ ಒಳಗೆ ಏನೋ ಸವೆಯುತ್ತಿದೆ ಎಂದು ಅರ್ಥ. 100 ಗಂಟೆಗೊಮ್ಮೆ ದೊಡ್ಡ ತಪಾಸಣೆ. ಸೆಸ್ನಾದಂಥ ವಿಮಾನದ ಎಂಜಿನ್ನನ್ನು 2000 ಗಂಟೆ ಆದ ಮೇಲೆ ಪೂರ್ತಿ ಬಿಚ್ಚಿ ಜೋಡಿಸಬೇಕು. ಹಾರಿಸದೆ ಸುಮ್ಮನೆ ಇಟ್ಟರೂ ಕೆಡುತ್ತದೆ, ತೇವಕ್ಕೆ ಒಳಗೆ ತುಕ್ಕು ಹಿಡಿಯುತ್ತದೆ. ಕಟ್ಟಿಹಾಕಿದ ಎತ್ತಿನ ಕಾಲು ಹಿಡಿದ ಹಾಗೆ.

ಈ ಕೆಲಸ ಎಲ್ಲರೂ ಮಾಡುವ ಹಾಗಿಲ್ಲ. ಲೈಸೆನ್ಸ್ ಇದ್ದ ವಿಮಾನ ಎಂಜಿನಿಯರ್ ನೋಡಿ ಸಹಿ ಹಾಕಬೇಕು. ಆ ಸಹಿಯ ಮೇಲೆ ಒಬ್ಬರ ಜೀವ ನಿಂತಿರುತ್ತದೆ. ಸಿರಸಿಯ ಗಾಡಿಗಳಿಗೆ ಕೆ.ಎ. 31 ಇರುವ ಹಾಗೆ ಭಾರತದ ಎಲ್ಲ ವಿಮಾನಕ್ಕೂ ‘ವಿ.ಟಿ.’ ಎಂದು ಶುರುವಾಗುವ ಗುರುತು ಇದೆ. ಇದನ್ನು ಕೊಡುವುದು ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಹಾರಲು ಯೋಗ್ಯ ಎಂಬ ಪ್ರಮಾಣಪತ್ರವೂ ಬೇಕು. ಮುಂಬಯಿಯ ಅಮೋಲ್ ಯಾದವ್ ಎಂಬ ಪೈಲಟ್ ತಮ್ಮ ಮನೆಯ ಕಟ್ಟಡದ ತಾರಸಿಯ ಮೇಲೆಯೇ ಒಂದು ವಿಮಾನ ಕಟ್ಟಿದರು. ಕಟ್ಟಿದ ಮೇಲೂ ಅವರು ನೋಂದಣಿಗೆ ಬಹಳ ಓಡಾಡಬೇಕಾಯಿತು, 2017ರಲ್ಲಿ ಸಿಕ್ಕಿತು.

ಜಾಗ ಮತ್ತು ಖರ್ಚು

ನಮ್ಮ ಮೂರೂ ತಾಲೂಕಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಹತ್ತಿರದ್ದು ಹುಬ್ಬಳ್ಳಿ, ಮತ್ತೆ 2023ರಲ್ಲಿ ಶುರುವಾದ ಶಿವಮೊಗ್ಗ. ಶಾಲೆಯ ಮೈದಾನ ಸಾಲದೇ ಎಂದು ಕೇಳಬಹುದು. ಸೆಸ್ನಾ 172 ನೆಲ ಬಿಟ್ಟು 15 ಮೀಟರ್ ಎತ್ತರ, ಅಂದರೆ ಒಂದು ಒಳ್ಳೇ ಅಡಿಕೆ ಮರದಷ್ಟು ಏರಲು ಸುಮಾರು 500 ಮೀಟರ್ ಬೇಕು. ಇದು ಸಮುದ್ರದ ಮಟ್ಟದ ಲೆಕ್ಕ. ಸಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಮತ್ತು ಸೆಕೆಯಲ್ಲಿ ಗಾಳಿ ತೆಳು, ಆದ್ದರಿಂದ ಇನ್ನೂ ಉದ್ದ ಬೇಕು.

ಹೊಸ ವಿಮಾನಕ್ಕೆ ಕೋಟಿಗಟ್ಟಲೆ ರೂಪಾಯಿ. ಗಂಟೆಗೆ 30ರಿಂದ 35 ಲೀಟರ್ ಪೆಟ್ರೋಲು. ಇದರ ಮೇಲೆ ಶೆಡ್ಡಿನ ಬಾಡಿಗೆ, ಇಳಿಯುವ ಶುಲ್ಕ, ವಿಮೆ, ತಪಾಸಣೆ. ಹಾರದೇ ಇದ್ದ ತಿಂಗಳೂ ಈ ಖರ್ಚಿನಲ್ಲಿ ಬಹುಪಾಲು ತಪ್ಪುವುದಿಲ್ಲ. ಆದ್ದರಿಂದ ಎಷ್ಟೋ ಕಡೆ ನಾಲ್ಕೈದು ಜನ ಸೇರಿ ಒಂದು ವಿಮಾನ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಕ್ಲಬ್ಬಿನದನ್ನು ಗಂಟೆ ಲೆಕ್ಕದಲ್ಲಿ ಹಾರಿಸುತ್ತಾರೆ.

ಮೋಡದೊಳಗೆ ಹೋಗಬಾರದು

ಸಣ್ಣ ವಿಮಾನವನ್ನು ಹೆಚ್ಚಾಗಿ ಕಣ್ಣಿನಿಂದ ನೋಡಿಯೇ ಹಾರಿಸುತ್ತಾರೆ. ಮೋಡದೊಳಗೆ ನೆಲವೂ ಕಾಣದು, ಆಕಾಶವೂ ಕಾಣದು. ಕಣ್ಣು ಮುಚ್ಚಿ ಗಿರಗಿರ ತಿರುಗಿ ನಿಂತರೆ ಇನ್ನೂ ತಿರುಗುತ್ತಾ ಇದ್ದ ಹಾಗೆ ಅನ್ನಿಸುತ್ತದಲ್ಲ? ನಮ್ಮ ಕಿವಿಯೊಳಗಿನ ದ್ರವ ಹಾಗೆ ಮೋಸ ಮಾಡುತ್ತದೆ. ಮೋಡದಲ್ಲಿ ವಿಮಾನ ವಾಲಿದ್ದರೂ ನೆಟ್ಟಗೆ ಇದೆ ಅನ್ನಿಸಬಹುದು. ಮೀಟರುಗಳನ್ನು ಮಾತ್ರ ನೋಡಿ ಹಾರಿಸಲು ಬೇರೆ ತರಬೇತಿ ಬೇಕು. ಅದಿಲ್ಲದವನು ಆಷಾಢದ ಮಳೆಯಲ್ಲಿ ನಮ್ಮ ಘಟ್ಟದ ಮೇಲೆ ಬರಲೇಬಾರದು. “ಇವತ್ತು ಹಾರುವುದಿಲ್ಲ” ಎಂದು ಹೇಳುವುದೂ ಪೈಲಟ್ ಕಲಿಯಬೇಕಾದ ಪಾಠ.

ನಾವು ಕಲಿಯಬಹುದೇ?

ಕಲಿಯಬಹುದು. 16 ವರ್ಷಕ್ಕೆ ವಿದ್ಯಾರ್ಥಿ ಪೈಲಟ್ ಲೈಸೆನ್ಸ್, 17 ವರ್ಷಕ್ಕೆ ಖಾಸಗಿ ಪೈಲಟ್ ಲೈಸೆನ್ಸ್. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಆರೋಗ್ಯ ಪರೀಕ್ಷೆ ಆಗಬೇಕು, 40 ಗಂಟೆ ಹಾರಾಟ ಆಗಬೇಕು, ಬರವಣಿಗೆಯ ಪರೀಕ್ಷೆಗಳೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅದು 1940ರ ದಶಕದ ಕೊನೆಯಲ್ಲಿ ಶುರುವಾಯಿತು. ಅಲ್ಲಿ ಕಲಿತ ಮೊದಲಿಗರಲ್ಲಿ ಉಷಾ ಸುಂದರಂ ಎಂಬ ಮಹಿಳೆಯೂ ಒಬ್ಬರು. ಅದಕ್ಕೂ ಮೊದಲೇ 1936ರಲ್ಲಿ ಸರಳಾ ಠಕ್ರಾಲ್ ಎಂಬವರು 21ನೇ ವಯಸ್ಸಿನಲ್ಲಿ ಲಾಹೋರಿನಲ್ಲಿ ಜಿಪ್ಸಿ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನ ಹಾರಿಸಿದ್ದರು. ‘ಹುಡುಗಿಯರಿಗೆ ಆಗುವುದಿಲ್ಲ’ ಎಂದು ಯಾರೂ ಹೇಳುವ ಹಾಗಿಲ್ಲ.

ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕು. ನಾವು ಕನ್ನಡ ಮಾಧ್ಯಮದವರು ಇದಕ್ಕೆ ಹೆದರುತ್ತೇವೆ. ಆದರೆ ಅಲ್ಲಿ ಬೇಕಾದದ್ದು ಉದ್ದ ಭಾಷಣ ಅಲ್ಲ, ಗೊತ್ತುಮಾಡಿದ ಚಿಕ್ಕ ಮಾತುಗಳು. ಅಕ್ಷರ ತಪ್ಪಾಗಿ ಕೇಳಬಾರದು ಎಂದು ಪ್ರತಿ ಅಕ್ಷರಕ್ಕೂ ಒಂದು ಹೆಸರು ಇಟ್ಟಿದ್ದಾರೆ. ‘ವಿ.ಟಿ.’ ಎನ್ನಲು ‘ವಿಕ್ಟರ್ ಟ್ಯಾಂಗೋ’ ಎನ್ನಬೇಕು. ಭಾಷೆ ಕಲಿತರೆ ಬರುತ್ತದೆ. ಆವಿಯಾಗುವುದು, ಸಾಂದ್ರತೆ, ಅಯಸ್ಕಾಂತ, ಭಾಗಾಕಾರ ಇವೆಲ್ಲ ಕನ್ನಡದಲ್ಲೇ ನಮಗೆ ಬಂದಾಗಿದೆ.

ದುಡ್ಡು ಇದ್ದರೆ ವಿಮಾನ ಬರುತ್ತದೆ. ಅದನ್ನು ಸಾಕಲು ಬೇಕಾದದ್ದು ದಿನಾ ನೋಡುವ ಕಣ್ಣು, ಬರೆದಿಡುವ ಕೈ, ಬೇಡ ಎನ್ನುವ ಧೈರ್ಯ. ಇದಕ್ಕೆ ಕೋಟಿ ಬೇಕಾಗಿಲ್ಲ. ನಿಮ್ಮ ಸೈಕಲ್ಲಿನ ಬ್ರೇಕ್ ಕಟ್ಟೆ ಸವೆದಿದೆಯೋ ಎಂದು ಇವತ್ತು ಸಂಜೆಯೇ ನೋಡಬಹುದು.

ಲೆಕ್ಕ ಮಾಡಿ ನೋಡಿ

1. ಯಲ್ಲಾಪುರ ಬಸ್‌ಸ್ಟ್ಯಾಂಡಿನ ಮೇಲೆ ಒಂದೂವರೆ ಕಿ.ಮೀ. ಎತ್ತರದಲ್ಲಿ ಎಂಜಿನ್ ನಿಂತಿತು. ಗಾಳಿ ಇಲ್ಲ. ವಿಮಾನ ಎಷ್ಟು ಕಿ.ಮೀ. ತೇಲುತ್ತದೆ? ಎಷ್ಟು ನಿಮಿಷ?

2. ಸಿರಸಿಯಿಂದ ಜಕ್ಕೂರು ನೇರ ಗೆರೆಯಲ್ಲಿ ಸುಮಾರು 340 ಕಿ.ಮೀ. ವೇಗ ಗಂಟೆಗೆ 200 ಕಿ.ಮೀ. ಗಂಟೆಗೆ 35 ಲೀಟರ್ ಪೆಟ್ರೋಲು. ಇಳಿದಾಗ ಇನ್ನೂ ಅರ್ಧ ಗಂಟೆಗೆ ಆಗುವಷ್ಟು ಉಳಿದಿರಬೇಕು. ಹೊರಡುವಾಗ ಕಡಿಮೆ ಎಂದರೆ ಎಷ್ಟು ಲೀಟರ್ ಬೇಕು?

ಉತ್ತರ ಬರೆದು ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

— ಏಳನೇ ತರಗತಿ